ಗಿಲಾವು

ಮಡಗಾಂವದ ಪೇಟೆಯಲ್ಲಿ, ಪಾವ್ ಸುಡುವ ಬೇಕರಿಯ ಮೇಲೆ
ನಮ್ಮ ದವಾಖಾನೆ.
ಮೆಟ್ಟಿಲು ಹತ್ತುವ ತನಕ ಹಿಟ್ಟಿನ ವಾಸನೆ,
ಬಾಗಿಲು ದಾಟಿದರೆ ಲವಂಗದೆಣ್ಣೆ.
ನಾನು ಅಲ್ಲಿ ನೀಲಿ ಬೆಳಕು ಹಿಡಿಯುವವಳು.

ಡಾಕ್ಟರ್ ಒಲಿಂಡಾ ಮೇಣದಂಥ ಮುದ್ದೆಯನ್ನು
ಅಕ್ಕಿಕಾಳಿನಷ್ಟು ಕಿತ್ತು
ಮುಕ್ಕಾದ ಹಲ್ಲಿಗೆ ಮೆತ್ತುತ್ತಾರೆ, ತೀಡುತ್ತಾರೆ,
ನನ್ನ ಕಡೆ ನೋಡದೆಯೇ "ಲೈಟ್" ಅನ್ನುತ್ತಾರೆ.
ಹಿಡಿದು, ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತೇನೆ,
ನಮ್ಮೂರ ಸಾಲಿಯ ಮಗ್ಗಿಯ ರಾಗದಲ್ಲಿ.
ಇಪ್ಪತ್ತಕ್ಕೆ ಮುದ್ದೆ ಕಲ್ಲು.

ಎಂಥೆಂಥ ಬಾಯಿ ನೋಡಿದ್ದೇನೆ!
ಸೋಡಾ ಬಿರಡೆ ಕಚ್ಚಿ ತೆಗೆವ ಪಂದ್ಯ ಗೆದ್ದು
ಹಲ್ಲು ಸೋತು ಬಂದ ಹುಡುಗ.
ಬ್ಯಾಂಡಿನಲ್ಲಿ ತುತ್ತೂರಿ ಊದುವ ಕಾಯ್ತಾನ್
ಮಗಳ ಮದುವೆಯ ಫೋಟೋಕ್ಕೆಂದು ಮುರಿದ ಮೂಲೆ ಕಟ್ಟಿಸಿಕೊಂಡು
ಮೂರೇ ದಿನಕ್ಕೆ ವಾಪಸು ಬಂದ:
"ಡಾಕ್ಟರ್, ನನ್ನ ಮೇಲಿನ ಸ್ವರ ಆ ಸಂದಿಯಲ್ಲಿತ್ತು."

ಅವರಾರೂ ನನ್ನ ಬಾಯಿ ನೋಡಿಲ್ಲ.
ಈ ಕೆಲಸಕ್ಕೆ ಮಾಸ್ಕು ಕಡ್ಡಾಯ ಎಂದು ಕೇಳಿದ ದಿನ
ಸಂಬಳ ಎಷ್ಟೆಂದು ಕೇಳುವುದನ್ನೇ ಮರೆತಿದ್ದೆ.

ಕೊಪ್ಪಳದ ಆಚೆ ನಮ್ಮೂರು.
ಬೋರಿನ ನೀರು ಬಂಡೆಯೊಳಗಿಂದ ಬರುತ್ತಿತ್ತು,
ತಣ್ಣಗಿತ್ತು, ಸಿಹಿಯಾಗಿತ್ತು,
ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತಿತ್ತು.
ಊರಲ್ಲಿ ಅದು ಕಲೆಯಲ್ಲ, ಎಲ್ಲರ ಹಲ್ಲೂ ಹಂಗೇ.
ಬಿಳಿ ಹಲ್ಲಿನ ಸೊಸೆ ಬಂದರೆ
"ಎಲ್ಲೀ ನೀರವ್ವಾ ನಿಂದು?" ಅನ್ನುತ್ತಿದ್ದರು.
ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು
ಇದಕ್ಕೊಂದು ರೋಗದ ಹೆಸರಿದೆ ಎಂದು,
ತಂಬಾಕು ತಿಂತೀಯಾ ಎಂದು ಕೇಳುವವರಿದ್ದಾರೆ ಎಂದು,
ನಗುವಾಗ ಸೆರಗು ಬೇಕು ಎಂದು.

ಹೋದ ಶನಿವಾರ, ಕೊನೆಯ ಪೇಷಂಟು ಇಳಿದು ಹೋದ ಮೇಲೂ
ಡಾಕ್ಟರ್ ಕೈಗವಸು ಬಿಚ್ಚಲಿಲ್ಲ.
"ಹುಲಿಗೀ, ಬೊಸ್ ಗೊ" ಎಂದರು.
ಏಳು ವರ್ಷ ನಾನೇ ಒರೆಸಿದ ಕುರ್ಚಿ,
ಇಷ್ಟು ಹಿಂದಕ್ಕೆ ಬೀಳುತ್ತದೆಂದು ತಿಳಿದಿರಲಿಲ್ಲ.
ಛತ್ತಿನಲ್ಲೊಂದು ಬಿರುಕಿತ್ತು. ಅದೂ ತಿಳಿದಿರಲಿಲ್ಲ.

ಬಣ್ಣದ ಪಟ್ಟಿ ತುಟಿಗೆ ಹಿಡಿದರು, ಹದಿನಾರು ಬಿಳಿ.
ಬೆರಳು ಎಲ್ಲಕ್ಕಿಂತ ಬಿಳಿಯದಕ್ಕೆ ಹೋಯಿತು.
ಹಿಂದಕ್ಕೆಳೆದುಕೊಂಡೆ.
ಬಂದವರಿಗೆಲ್ಲ ನಾನೇ ಹೇಳುವ ಮಾತು:
ಕಣ್ಣಿನ ಬಿಳುಪಿಗೆ ಹೊಂದಬೇಕು ಹಲ್ಲು,
ಕಮೋಡಿನ ಬಿಳುಪಿಗಲ್ಲ.

ಆಮೇಲೆ ಹುಳಿ ಹಚ್ಚಿದರು,
ಹಲ್ಲಿನ ಹೊಳಪು ತಿಂದು ಒರಟು ಮಾಡುವ ಹುಳಿ.
ಒರಟಾಗದೆ ಏನೂ ಅಂಟುವುದಿಲ್ಲ.
ಇದನ್ನು ನನಗೆ ಯಾರೂ ಕಲಿಸಬೇಕಿಲ್ಲ:
ನನ್ನ ಗಂಡ ಫಕೀರಪ್ಪ ಗಿಲಾವಿನ ಕೆಲಸದವನು,
ನುಣ್ಣನೆ ಗೋಡೆಗೆ ಮೊದಲು ಉಳಿಯಿಂದ ಕಚ್ಚು ಹೊಡೆಯುತ್ತಾನೆ,
ಇಲ್ಲವಾದರೆ ಸಿಮೆಂಟು
ಮುನಿಸಿಕೊಂಡ ಬೀಗರಂತೆ ಎದ್ದು ಹೋಗುತ್ತದೆ.

ಬೆಳಕು ಹಿಡಿಯಲು ಬೇರೆ ಯಾರಿದ್ದರು?
ನನ್ನ ಬೆಳಕನ್ನು ನಾನೇ ಹಿಡಿದೆ, ಕಣ್ಣು ಮುಚ್ಚಿ,
ಒಂದರಿಂದ ಇಪ್ಪತ್ತು, ಮತ್ತೆ ಒಂದರಿಂದ.
ಮೇಲಿನ ನಾಲ್ಕು ಮುಗಿದವು.
"ಕೆಳಗಿನವು?"
"ಇರಲಿ ಬಿಡ್ರಿ," ಅಂದೆ.
ಅವ್ವ ವೀಡಿಯೋ ಕಾಲ್ ಮಾಡಿದಾಗ ಗುರುತು ಸಿಗಬೇಕಲ್ಲ.

ಬಸ್ಸಿನ ಕಂಡಕ್ಟರನಿಗೆ ನಕ್ಕೆ; ಚಿಲ್ಲರೆ ಕೇಳಿದ.
ದವರ್ಲಿಯಲ್ಲಿ ಮನೆಯೊಡತಿ ಪಿಯೆದಾದ್ ಬಾಯಿ
ತಲೆಯಿಂದ ಕಾಲತನಕ ನೋಡಿ,
"ಏನೋ ಹೊಸದು... ಚಪ್ಪಲಿಯಾ?" ಎಂದಳು.

ಫಕೀರಪ್ಪ ಕೈಕಾಲು ತೊಳೆದು ಬಂದ.
ಬಲ್ಬಿನ ಕೆಳಗೆ ನನ್ನ ಗದ್ದ ಎತ್ತಿ
ಸಿಮೆಂಟು ತಿಂದ ಹೆಬ್ಬೆರಳನ್ನು ಹಲ್ಲಿನ ಮೇಲೊಮ್ಮೆ ಎಳೆದ,
ಆರಿದ ಗೋಡೆಯ ಮೇಲೆ ಎಳೆಯುವ ಹಾಗೆಯೇ.
"ಎಲ್ಲಿ ಕೂಡಿಸ್ಯಾರ ಗೊತ್ತಾಗವಲ್ದು. ಯಾರ ಕೈ?"
"ಡಾಕ್ಟರಮ್ಮಂದು. ಬೆಳಕು ನಂದು."
"ಎಷ್ಟ ವರ್ಷ ಬಾಳಿಕಿ?"
"ಐದು. ಜ್ವಾಪಾನ ಮಾಡಿದ್ರ ಏಳು."
"ಆಮ್ಯಾಲ?"
"ಆಮ್ಯಾಲ ಮತ್ತ ಕಚ್ಚು ಹೊಡೀಬೇಕು."
ತಲೆಯಾಡಿಸಿದ, ಕಸುಬು ಬಲ್ಲವರು ಆಡಿಸುವಂತೆ.

ಉಣ್ಣುವಾಗ ಅವನು ಏನೋ ಅಂದ, ನಗು ಉಕ್ಕಿತು.
ರೊಟ್ಟಿ ಮುರಿಯುತ್ತಿದ್ದ ಕೈ
ತಟ್ಟನೆ ಸೆರಗಿಗೆ ಹೋಯಿತು.
ಅದಕ್ಕಿನ್ನೂ ಯಾರೂ ಹೇಳಿರಲಿಲ್ಲ.